ಕ್ಯಾಸೆಟ್ ಮಂದಿ

ನರಗುಂದ ಬಿಟ್ಟಾಗಿನಿಂದ ಸಂಗನಬಸವನ ಕಿವಿಯ ಹಿಂದೆ ತುರಿಕೆ ಹತ್ತಿತ್ತು. ಬೆಳಿಗ್ಗೆ ಕೂದಲಿಗೆ ಹಚ್ಚಿಸಿಕೊಂಡ ಬಣ್ಣದ ಪ್ರತಾಪ ಅದು. ತುರಿಸಿಕೊಂಡರೆ ಬೆರಳಿಗೆ ಕರಿ ಹತ್ತೀತು, ಬೆರಳಿನ ಕರಿ ಬಿಳಿ ಅಂಗಿಗೆ ಹತ್ತೀತು ಎಂದು ಹಿಂದಿನ ಸೀಟಿನಲ್ಲಿದ್ದ ತಾಯಿ ಗೌರವ್ವ ಮೇಲಿಂದ ಮೇಲೆ ಎಚ್ಚರಿಸುತ್ತಿದ್ದಳು. ತುರಿಸಿಕೊಳ್ಳುವಂತಿಲ್ಲ, ಸುಮ್ಮನೆ ಕೂಡಲೂ ಆಗುತ್ತಿಲ್ಲ. ಎಡಗೈ ಹೆಬ್ಬೆರಳನ್ನು ತೊಡೆಗೆ ಒತ್ತುವುದು, ಬಿಡುವುದು, ಮತ್ತೆ ಒತ್ತುವುದು, ಇದನ್ನೇ ಮಾಡುತ್ತ ಕೂತಿದ್ದ.

ಗಾಡಿ ಅವನದೇ. ಹೊಡೆಯುತ್ತಿದ್ದವನು ಮಾತ್ರ ಸೋದರಮಾವ ದ್ಯಾಮಪ್ಪ. ಕನ್ಯಾ ನೋಡಲು ಹೊರಟ ವರ ಗಾಡಿ ಹೊಡೆದರೆ ಅಂಗಿ ಮುದ್ದೆಯಾಗುತ್ತದೆ ಎಂದು ಹೇಳಿ ಮನೆಯ ಬಾಗಿಲಲ್ಲೇ ಕೀಲಿ ಕಸಿದುಕೊಂಡಿದ್ದ.

"ಇನ್ನೊಮ್ಮೆ ಹೇಳು ಅಳಿಯಾ. ಹುಟ್ಟಿದ ಇಸ್ವಿ?"

"ತೊಂಬತ್ತೆರಡು."

"ಎಸ್ಸೆಸ್ಸೆಲ್ಸಿ?"

"ಎರಡು ಸಾವಿರದ ಎಂಟು."

"ಈಗ ವಯಸ್ಸು?"

"ಮೂವತ್ಮೂರು."

"ಹಿಂಗ ಜ್ವರಾ ಬಂದಾವ್ರಗತೆ ಹೇಳಬ್ಯಾಡ. ಮೂವತ್ಮೂರರಾವ ಹೇಳಿದಂಗ ಹೇಳು."

"ಮೂವತ್ಮೂರರಾವ ಹ್ಯಾಂಗ ಹೇಳ್ತಾನ ಮಾಮಾ?"

"ನನಗೇನ ಗೊತ್ತಲೇ? ನನಗ ಅರವತ್ತೆಂಟು!"

ಗೌರವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಸಂಗನಬಸವನಿಗೆ ನಗು ಬರಲಿಲ್ಲ. ಅವನಿಗೆ ನಲವತ್ತು ತುಂಬಿತ್ತು.

ಕಾಲೇಜಿಗೆ ಹೋಗುತ್ತಿದ್ದಾಗಲೇ ತಂದೆ ತೀರಿಕೊಂಡು ಮಾರ್ಕೆಟ್ಟಿನ ಅಡತಿ ಅಂಗಡಿ ಅವನ ಹೆಗಲಿಗೆ ಬಂತು. ರೈತರು ತಂದ ಕಡಲೆ, ಜೋಳ, ಹೆಸರು ಹರಾಜು ಹಾಕಿಸಿ ಮಾರಿಕೊಡುವ ಕೆಲಸ. ಮುಂದೆ ತಂಗಿಯರ ಮದುವೆ, ಅವರ ಬಾಣಂತನ, ಮನೆ ಕಟ್ಟಿಸುವುದು. ಅಷ್ಟೆಲ್ಲ ಮುಗಿಸಿ ತಲೆ ಎತ್ತಿ ನೋಡುವ ಹೊತ್ತಿಗೆ ಕನ್ನಡಿಯಲ್ಲಿ ಬೇರೆ ಯಾರೋ ನಿಂತಿದ್ದ. ವಯಸ್ಸು ಖರೆ ಹೇಳಿಕೊಂಡು ಹೋದ ಮನೆಗಳಲ್ಲೆಲ್ಲ ಚಹಾ ಚೆನ್ನಾಗಿತ್ತು, ಉತ್ತರ ಮಾತ್ರ ಬರಲಿಲ್ಲ. ಆಗ ದ್ಯಾಮಪ್ಪನೇ ಈ ಹಾದಿ ಹುಡುಕಿದ.

"ಹಳೇ ಕಡ್ಲಿ ಚೀಲದ ಬಾಯಾಗ ಎರಡ ಬೊಗಸಿ ಹೊಸಾ ಕಡ್ಲಿ ಹಾಕಬೇಕು. ನೋಡಾಂವ ಬಾಯಾಗಷ್ಟ ಕೈ ಹಾಕ್ತಾನ, ಖುಷಿ ಆಕ್ಕಾನ. ಮದುವಿ ಆದ ಮ್ಯಾಲ ಚೀಲಾ ಸುರುವಿ ನೋಡೋರು ಯಾರು?"

ಸಂಗನಬಸವ ತನ್ನ ಅಂಗಡಿಯಲ್ಲಿ ಇಂಥದ್ದನ್ನು ನಡೆಯಗೊಟ್ಟವನಲ್ಲ. ಆದರೆ ಈ ಸಲ ಸುಮ್ಮನಿದ್ದ. ಯಾಕೆಂದರೆ ಈ ಸಲ ಯಾವುದೋ ಒಂದು ಹುಡುಗಿಯನ್ನು ನೋಡಲು ಹೊರಟಿರಲಿಲ್ಲ.

ಹೋದ ವರ್ಷ ರೋಣದಲ್ಲಿ ಒಂದು ಮದುವೆಯ ಪಂಕ್ತಿಯಲ್ಲಿ ಅವಳು ಹೋಳಿಗೆ ಬಡಿಸುತ್ತಿದ್ದಳು. ದಪ್ಪನೆಯ ಹಿರಿಯರೊಬ್ಬರು ಎಲೆ ತೋರಿಸಿ ಇನ್ನೂ ಹಾಕು, ಇನ್ನೂ ಹಾಕು ಅನ್ನುತ್ತಿದ್ದರು. "ಹಾಕ್ತೀನ್ರಿ ಕಾಕಾರ. ಹೊಟ್ಟಿನೂ ನಿಮ್ದ, ಹೋಳಿಗಿನೂ ನಿಮ್ದ, ನಾಳೆ ದವಾಖಾನಿ ಚೀಟಿನೂ ನಿಮ್ದ" ಎಂದು ತಲೆ ಹಿಂದಕ್ಕೆ ಚೆಲ್ಲಿ ನಕ್ಕಳು. ಆ ಹಿರಿಯರೂ ನಕ್ಕರು. ಎದುರಿನ ಸಾಲಿನಲ್ಲಿ ಕೂತಿದ್ದ ಸಂಗನಬಸವ ತನ್ನ ಎಲೆಯ ಅನ್ನ ಮರೆತು ನೋಡುತ್ತ ಉಳಿದ. ಆಮೇಲೆ ಅವರಿವರನ್ನು ಕೇಳಿ ತಿಳಿದುಕೊಂಡ: ಗಜೇಂದ್ರಗಡದ ಗುರುಪಾದಪ್ಪನವರ ಮಗಳು, ಶಾಂಭವಿ. ನೇಕಾರರಿಂದ ಸೀರೆ ಕೊಂಡು ಹುಬ್ಬಳ್ಳಿ, ಬಾಗಲಕೋಟೆ ಅಂಗಡಿಗಳಿಗೆ ಕಳಿಸುವ ವ್ಯಾಪಾರ ಸ್ವಂತ ಮಾಡುತ್ತಾಳೆ. ಬಂದ ವರಗಳನ್ನೆಲ್ಲ ಬೇಡ ಅಂದಿದ್ದಾಳೆ. ಮೂವತ್ತೊಂದಾಗಿದೆ. ವರ ಎರಡು ಮೂರು ವರ್ಷ ದೊಡ್ಡವನಿದ್ದರೆ ಸಾಕು ಅನ್ನುವುದು ತಂದೆಯ ಮಾತು.

ಎರಡು ಮೂರು ವರ್ಷ. ಅಬ್ಬಿಗೇರಿ ದಾಟಿ ಕರಿ ಹೊಲಗಳ ನಡುವೆ ಹೋಗುವಾಗ ಸಂಗನಬಸವ ಮತ್ತೆ ಅದನ್ನೇ ಯೋಚಿಸಿದ. ಹೆಬ್ಬೆರಳು ತೊಡೆ ಒತ್ತಿತು. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳು ಕಾಣಿಸಿಕೊಂಡವು. ಒಂದೂ ನಿಂತಿರಲಿಲ್ಲ, ಎಲ್ಲವೂ ತಿರುಗುತ್ತಲೇ ಇದ್ದವು.

ಗುರುಪಾದಪ್ಪನವರ ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದರು. ಕೈಕಾಲಿಗೆ ನೀರು ಕೊಟ್ಟರು, ಸಿರಾ ಉಪ್ಪಿಟ್ಟು ಬಂತು. ಗುರುಪಾದಪ್ಪ ಎತ್ತರದ ಮನುಷ್ಯ. ಮಾತು ಕಡಿಮೆ, ನೋಟ ಜಾಸ್ತಿ. ಅವರೂ ಕಾಳಿನ ವ್ಯಾಪಾರದವರೇ ಎಂದು ಗೊತ್ತಾದಾಗ ಸಂಗನಬಸವನಿಗೆ ಮಾವನ ಕಡಲೆ ಚೀಲ ನೆನಪಾಯಿತು.

ಶಾಂಭವಿ ಚಹಾದ ತಟ್ಟೆ ಹಿಡಿದು ಬಂದಳು. ಗೌರವ್ವ ಪಕ್ಕದಲ್ಲಿ ಕೂಡಿಸಿಕೊಂಡು, "ನಿನ್ನ ಹೆಸರೇನ ತಂಗಿ?" ಎಂದು ಕೇಳಿದಳು. ಗೊತ್ತಿದ್ದರೂ ಕೇಳುವುದು ಪದ್ಧತಿ. ಅವಳು ಹೇಳಿದಳು. ಆಮೇಲೆ ಪದ್ಧತಿಯಲ್ಲಿ ಇಲ್ಲದ್ದನ್ನು ಮಾಡಿದಳು. ಸಂಗನಬಸವನ ಕಡೆ ತಿರುಗಿ, "ನಿಮ್ಮ ಹೆಸರು?" ಅಂದಳು.

"ಮೂವತ್ಮೂರು" ಅಂದ ಸಂಗನಬಸವ.

ದ್ಯಾಮಪ್ಪ ದೊಡ್ಡದಾಗಿ ಕೆಮ್ಮಿದ. "ನಮ್ಮ ಸಂಗಣ್ಣ ಲೆಕ್ಕದಾಗ ಭಾಳ ಮುಂದ ನೋಡ್ರಿ. ಹೆಸರಿಗಿಂತ ಮೊದಲ ಲೆಕ್ಕ ಹೇಳ್ತಾನ!"

ಎಲ್ಲರೂ ನಕ್ಕರು. ಶಾಂಭವಿಯೂ ನಕ್ಕಳು, ಆದರೆ ಪಂಕ್ತಿಯಲ್ಲಿ ನಕ್ಕಂತೆ ಅಲ್ಲ. ಸಂಗನಬಸವನ ಕಿವಿಯ ಹಿಂದೆ ಬೆಂಕಿ ಇಟ್ಟಂತಾಯಿತು.

ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ ಶಾಂಭವಿಯ ತಮ್ಮ ಕಳಕೇಶ ಈಗ ಮುಂದೆ ಬಂದು ಕೂತ. ಮನೆಯ ರಸ್ತೆ ಕಡೆಯ ಮಳಿಗೆಯಲ್ಲಿ ಗೇಮಿನ ಅಂಗಡಿ ಇಟ್ಟಿದ್ದಾನೆ. ದೊಡ್ಡ ಟಿವಿಗಳು, ಗಾದಿ ಕುರ್ಚಿಗಳು, ತಾಸಿಗೆ ಇಷ್ಟು ಎಂದು ಕೊಟ್ಟು ಆಡುವುದು. ಇವತ್ತು ಬೀಗರು ಬರುತ್ತಾರೆಂದು ಬಾಗಿಲು ಹಾಕಿದ್ದ.

"ಅಣ್ಣಾರ, ನಾ ಒಂದ ಮಾತ ಕೇಳ್ತೀನಿ, ಸಿಟ್ಟಾಗಬಾರದು. ಸಣ್ಣಾವ್ರಿದ್ದಾಗ ಯಾವ ಗೇಮ್ ಆಡಿ ಬೆಳದ್ರಿ ನೀವು?"

"ಇವಂದು ಸುರು ಆತು ನೋಡ್ರಿ" ಅಂದರು ಗುರುಪಾದಪ್ಪ.

"ಅಲ್ಲಪ್ಪಾ, ಇದು ನನ್ನ ಪರೀಕ್ಷಾ. ನನ್ನ ಅಂಗಡಿಗೆ ಬರೋರೊಳಗ ಮೂರ ಜಾತಿ. ಟಿವಿ ಗೇಮಿಗೆ ಕ್ಯಾಸೆಟ್ ಚುಚ್ಚಿ ಆಡಿದ ಕ್ಯಾಸೆಟ್ ಮಂದಿ, ಸಿಡಿ ಮಂದಿ, ಮೊಬೈಲ್ ಮಂದಿ. ಯಾವ ಮಂದಿ ಅಂತ ಹೇಳಿದ್ರ ಸಾಕು, ಆಧಾರ್ ಕಾರ್ಡ್ ನೋಡದ ವಯಸ್ಸು ಹೇಳಿಬಿಡ್ತೀನಿ ನಾ!"

ದ್ಯಾಮಪ್ಪ ಚಹಾದ ಬಸಿ ಕೆಳಗಿಟ್ಟ. ಹುಟ್ಟಿದ ಇಸ್ವಿ, ಪರೀಕ್ಷೆಯ ಇಸ್ವಿ, ಜೊತೆಗೆ ಓದಿದವರ ಹೆಸರು, ಎಲ್ಲ ಬಾಯಿಪಾಠ ಮಾಡಿಸಿದ್ದ. ಇದೊಂದು ಅವನ ಲೆಕ್ಕಕ್ಕೆ ಬಂದಿರಲಿಲ್ಲ. ಚೀಲದ ಬಾಯಿ ಬಿಟ್ಟು ನಟ್ಟನಡುವೆ ಕೊಳವೆ ಚುಚ್ಚಿ ಕಾಳು ತೆಗೆಯುವ ಖರೀದಿದಾರ ಇರುತ್ತಾನಲ್ಲ, ಅಂಥವನಾಗಿದ್ದ ಈ ಕಳಕೇಶ.

ಸಂಗನಬಸವ ಕ್ಯಾಸೆಟ್ಟಿನವನು. ನಾಲಿಗೆಯ ತುದಿಗೆ ಅದೇ ಬಂದಿತ್ತು. ನುಂಗಿಕೊಂಡು, "ಸಿಡಿ" ಅಂದ.

"ಸಿಡಿನ, ಸಿಡಿನ!" ಅಂದ ದ್ಯಾಮಪ್ಪ. "ನಮ್ಮ ತಂಗಿ ಮನ್ಯಾಗ ಎಲ್ಲಿ ನೋಡಿದ್ರೂ ಸಿಡಿ. ಚಹಾದ ಕಪ್ಪು ಸೈತ ಸಿಡಿ ಮ್ಯಾಲ ಇಡ್ತಿದ್ರು."

"ಅಣ್ಣಾ, ಸಾಕು" ಅಂದಳು ಗೌರವ್ವ ಹಲ್ಲು ಕಚ್ಚಿ.

ಕಳಕೇಶನ ಮುಖ ಅರಳಿತು. "ಹಂಗಾರ ನೀವು ನನ್ನ ಮಂದಿನ! ಬರ್ರಿ ಅಣ್ಣಾರ. ನಾ ಮೊದಲ ಆಡಿದ ಸಿಡಿ ಮಷಿನ್ ಇನ್ನೂ ಇಟ್ಟೀನಿ. ಯಾರಿಗೂ ಮುಟ್ಟಾಕ ಕೊಡಂಗಿಲ್ಲ. ನಿಮಗ ಕೊಡ್ತೀನಿ."

ಬೇಡ ಅನ್ನಲು ದಾರಿಯಿರಲಿಲ್ಲ. ಮಳಿಗೆಗೆ ಹೋದರು. ಹೊಸ ಹುಡುಗರ ಆಟ ನೋಡುವ ಕೌತುಕಕ್ಕೆ ಗುರುಪಾದಪ್ಪನೂ ಬಂದು ಗೋಡೆಗೆ ನಿಂತರು. ದ್ಯಾಮಪ್ಪ ಅಳಿಯನ ಬೆನ್ನಿಗೇ ಅಂಟಿಕೊಂಡು ಬಂದ. ಒಳಬಾಗಿಲ ಬಳಿ ಗೌರವ್ವ, ಅವಳ ಹಿಂದೆ ಶಾಂಭವಿ.

ಕಳಕೇಶ ಕರಿ ಬಣ್ಣದ ಮಷಿನ್ ಒಂದನ್ನು ಬಟ್ಟೆಯಿಂದ ಒರೆಸಿ ಟಿವಿಗೆ ಜೋಡಿಸಿದ. ಎರಡು ರಿಮೋಟು ಮುಂದಿಟ್ಟ. ಸಂಗನಬಸವನ ಕೈ ತಾನಾಗಿ ಎರಡನೆಯದನ್ನು ಎತ್ತಿಕೊಂಡಿತು.

"ಅದು ಎರಡನೇದು ಅಣ್ಣಾರ, ಇದು ತಗೋರಿ."

"ಇರ್ಲಿ, ಇದ ರೂಢಿ."

ಸಿಡಿ ಹಾಕಿದರು. ಮಷಿನ್ ಗರ್ ಅಂದಿತು. ಟಿವಿ ಕಪ್ಪಾಗಿಯೇ ಉಳಿಯಿತು. ಕಳಕೇಶ ಮುಚ್ಚಿ ತೆರೆದ, ತೆರೆದು ಮುಚ್ಚಿದ. ಮತ್ತೆ ಗರ್. ಮತ್ತೆ ಕತ್ತಲು. ಎಲ್ಲರೂ ನೋಡುತ್ತಿದ್ದರು. ಸುಮ್ಮನೆ ಕೂಡುವುದು ಸಂಗನಬಸವನಿಂದ ಆಗಲೇ ಇಲ್ಲ. "ತರ್ರಿ ಇಲ್ಲೆ" ಎಂದು ಸಿಡಿ ಇಸಿದುಕೊಂಡ. ಬಾಯಿಯ ಹತ್ತಿರ ಹಿಡಿದು ಅಂಚಿನಗುಂಟ ಫೂ ಎಂದು ಊದಿದ. ತಿರುಗಿಸಿ ಇನ್ನೊಂದು ಕಡೆ ಊದಿದ. ಬಗ್ಗಿ ಮಷಿನ್ನಿನ ಬಾಯೊಳಗೂ ಗಲ್ಲ ಉಬ್ಬಿಸಿ ಊದಿದ. ಅಂಗೈಗೆ ಎರಡು ಸಲ ಬಡಿದು, ಒಳಗಿಟ್ಟು, ಹೆಬ್ಬೆರಳಿನಿಂದ ಒತ್ತಿದ.

ಟಿವಿ ಬೆಳಗಿತು. ಅವನು ಗೆದ್ದವನಂತೆ ತಲೆ ಎತ್ತಿದ. ಕಳಕೇಶ ಬಾಯಿ ತೆರೆದುಕೊಂಡು ಅವನನ್ನೇ ನೋಡುತ್ತಿದ್ದ.

"ಅಣ್ಣಾರ, ಸಿಡಿಗೆ ಯಾರರ ಊದತಾರೇನ್ರಿ? ಸಿಡಿ ಮಂದಿ ಅಂಗಿಗೆ ಒರಸ್ತಾರ. ಊದೋರು ಕ್ಯಾಸೆಟ್ ಮಂದಿ!"

"ಧೂಳಪಾ, ಧೂಳ!" ದ್ಯಾಮಪ್ಪ ನಡುವೆ ನುಗ್ಗಿದ. "ನಮ್ಮ ನರಗುಂದದಾಗ ಧೂಳ ಅಂದ್ರ ಹೇಳಬ್ಯಾಡ. ನಾವು ಎಲ್ಲಾಕ್ಕೂ ಊದೇ ಊದತೀವಿ. ರೊಟ್ಟಿಗೆ ಊದತೀವಿ, ರೊಕ್ಕಕ್ಕ ಊದತೀವಿ. ನಾ ಮುಂಜಾನೆ ಚಪ್ಪಲಿಗೆ ಊದೀನಿ."

ಅಷ್ಟರಲ್ಲಿ ಆಟ ಸುರುವಾಗಿತ್ತು. ಮೋಟಾರು ಓಡಿಸುವ ಆಟ. ಸಂಗನಬಸವ ರಿಮೋಟಿನ ಉಳಿದ ಗುಂಡಿಗಳನ್ನೆಲ್ಲ ಬಿಟ್ಟು ಕ್ಯಾಸೆಟ್ ಆಟದ ರೂಢಿಯಂತೆ ಎಡಕ್ಕೊಂದು ಬಲಕ್ಕೆರಡು ಮಾತ್ರ ಒತ್ತುತ್ತಿದ್ದ. ತಿರುವು ಬಂದಾಗ ಇಡೀ ಮೈ ವಾಲಿಸುತ್ತಿದ್ದ. ಅಡ್ಡ ಏನಾದರೂ ಬಂದರೆ ಹಾರಿಸಲೆಂದು ಕೈ ಎರಡನ್ನೂ ಗಾಳಿಗೆ ಎತ್ತುತ್ತಿದ್ದ. ಮೋಟಾರು ಗೋಡೆಗೆ ಗುದ್ದಿ ನಿಂತಿತು. ಗುರುಪಾದಪ್ಪ ಆಟ ನೋಡುವುದು ಬಿಟ್ಟು ಆಡುವವನನ್ನು ನೋಡುತ್ತಿದ್ದರು, ಹುಬ್ಬು ಗಂಟು ಹಾಕಿ.

"ಅಪ್ಪಾ, ನಾ ಇವರ ಜೋಡಿ ಎರಡ ಮಾತ ಆಡ್ತೀನಿ" ಅಂದಳು ಒಳಬಾಗಿಲಿಂದ ಶಾಂಭವಿ.

ಗುರುಪಾದಪ್ಪ ಒಪ್ಪಿ ಕಳಕೇಶನನ್ನು ಕರೆದುಕೊಂಡು ಹೋದರು. ದ್ಯಾಮಪ್ಪ ಮಾತ್ರ ಕದಲಲಿಲ್ಲ. ಗೌರವ್ವ ಅವನ ರಟ್ಟೆ ಹಿಡಿದು ಎಳೆದುಕೊಂಡು ಹೋದಳು. ಒಳಬಾಗಿಲು ತೆರೆದೇ ಇತ್ತು. ಪಡಸಾಲೆಯಲ್ಲಿ ಹಿರಿಯರು ಕೂತದ್ದು ಕಾಣುತ್ತಿತ್ತು.

ಶಾಂಭವಿ ಗಾದಿ ಕುರ್ಚಿಯ ತುದಿಗೆ ಕೂತಳು. "ನಾನೂ ಊದಿದಾಕಿನರಿ" ಅಂದಳು.

ಅವನಿಗೆ ತಿಳಿಯಲಿಲ್ಲ.

"ಕ್ಯಾಸೆಟ್ಟಿಗೆ. ನಾ ಎರಡನೇತ್ತೋ ಮೂರನೇತ್ತೋ ಇದ್ದೆ, ನಮ್ಮಪ್ಪ ಗದಗಿಂದ ತಂದಿದ್ರು. ನಮ್ಮ ಕಡೆ ಎಲ್ಲಾ ತಡಾ ಆಗೇ ಬರ್ತದಲ್ರಿ. ದೊಡ್ಡ ಊರಾಗ ಮಂದಿ ಬಿಟ್ಟು ಒಗದದ್ದು ನಮಗ ಹೊಸಾದು. ಕಳಕೇಶಂದು ಬರೇ ಬಡಾಯಿ. ಮೂವತ್ತರಾವ್ರೂ ಊದ್ಯಾರ, ನಲವತ್ತರಾವ್ರೂ ಊದ್ಯಾರ. ಕ್ಯಾಸೆಟ್ ಅಂದಿದ್ರ ಯಾರೂ ಏನೂ ಅಂತಿರಲಿಲ್ಲ. ಮತ್ತ್ಯಾಕ ಸಿಡಿ ಅಂದ್ರಿ?"

ಸಂಗನಬಸವನಿಗೆ ಮೈ ಹಗುರಾಯಿತು, ಮರುಗಳಿಗೆಗೇ ಇನ್ನಷ್ಟು ಭಾರವಾಯಿತು. ತಪ್ಪಿಸಿಕೊಳ್ಳುವ ಬಾಗಿಲನ್ನು ಅವಳೇ ತೆರೆದಿಟ್ಟಿದ್ದಳು. ನಿಮ್ಮ ತಮ್ಮನ ಮುಂದೆ ಹಳೆಯ ಕಾಲದವನು ಅನ್ನಿಸಿಕೊಳ್ಳಲು ನಾಚಿಕೆಯಾಯಿತು, ಅದಕ್ಕೇ ಸಿಡಿ ಅಂದೆ ಎಂದರೆ ಮುಗಿಯಿತು. ಏಳು ವರ್ಷ ಸದ್ದಿಲ್ಲದೆ ಹೂತುಹೋಗುತ್ತವೆ.

"ನಾಚಿಕಿ ಆತ್ರಿ" ಅಂದ.

"ಇಷ್ಟಕ್ಕ?" ಅವಳು ಸ್ವಲ್ಪ ನಕ್ಕಳು. "ಎಲ್ಲೆ ಆಡ್ತಿದ್ರಿ? ಮನ್ಯಾಗೇನು?"

"ಮನ್ಯಾಗ ಎಲ್ಲಿದ್ರಿ. ನಮ್ಮ ಬಸ್‌ಸ್ಟ್ಯಾಂಡ್ ಹತ್ರ ಫಕ್ರುಸಾಬಂದು ಅಂಗಡಿ ಇತ್ತು. ಒಂದ ಟಿವಿ, ಒಂದ ಗೇಮ್, ಒಳಗ ಹದಿನೈದ ಹುಡುಗೂರು. ಮೀಸಿಯಂವ ಹಾರಿ ಹಾರಿ ಹೋಗೋ ಆಟ. ಮೊದಲನೇ ರಿಮೋಟ್ ಯಾವಾಗಲೂ ದೊಡ್ಡ ಹುಡುಗರ ಕೈಯಾಗ. ನನ್ನ ಕೈಗೆ ಎರಡನೇದು. ಆಟದಾಗ ಅವರ ಮೀಸಿಯಂವ ಸತ್ತ ಮ್ಯಾಲ ನನ್ನ ಪಾಳಿ. ಆದ್ರ ಅಂವ ಸಾಯಬೇಕಲ್ರಿ? ಸಾಯತಿದ್ದಿಲ್ಲ. ತಾಸ ಮುಗೀತಿತ್ತು. ನಾ ಸುಮ್ಮ ರಿಮೋಟ್ ಒತ್ತಕೋತ ಕೂಡಾಂವ, ನಾನ ಆಡಾಕತ್ತೀನಿ ಅಂತ ತಿಳಕೊಂಡು."

ಶಾಂಭವಿ ತಲೆ ಹಿಂದಕ್ಕೆ ಚೆಲ್ಲಿ ನಕ್ಕಳು. ರೋಣದ ಪಂಕ್ತಿಯಲ್ಲಿ ನಕ್ಕ ಅದೇ ನಗು. "ಅಂದ್ರ ಆಡಿದ್ದ ಇಲ್ಲ! ನೀವು ಕ್ಯಾಸೆಟ್ ಮಂದಿನೂ ಅಲ್ಲ, ಕಾಯೋ ಮಂದಿ!"

ಅವನೂ ನಕ್ಕ. ಎಷ್ಟೋ ದಿನಗಳ ಮೇಲೆ ನಕ್ಕಂತಾಯಿತು. ಆ ಖುಷಿಯಲ್ಲಿ ಮಾತು ಮುಂದಕ್ಕೆ ಹೋಯಿತು. "ಒಮ್ಮೆ ನಮ್ಮಪ್ಪ ಹುಡಿಕ್ಕೋತ ಬಂದು ಹಿಂದ ನಿಂತಿದ್ರು. ಬೈತಾರ ಅಂತ ಮಾಡಿದ್ದೆ. ನನ್ನ ಪಾಳಿ ಬರೂತನ ನಿಂತು ನೋಡಿ, ಆಮ್ಯಾಲ ಕರಕೊಂಡ ಹೋದ್ರು. ಭಾಳ ಚಲೋ ಮನಶ್ಯಾ. ಲಗೂ ಹೋಗಿಬಿಟ್ರು. ಅವರು ಹೋದ ವಾರನ ನಾ ಕಾಲೇಜ್ ಬಿಟ್ಟು ಅಂಗಡಿ ಗಾದಿ ಮ್ಯಾಲ ಕೂತೆ."

ಅವಳ ನಗು ಮೆತ್ತಗಾಯಿತು. "ಆಗ ಎಷ್ಟರಾಗಿದ್ರಿ ನೀವು?"

ಸುಮ್ಮನೆ ಕೇಳಿದ್ದಳು, ಮರುಕಕ್ಕೆ. ಪರೀಕ್ಷೆಗಲ್ಲ. ಆದರೆ ಸಂಗನಬಸವನ ಹೆಬ್ಬೆರಳು ನಿಂತುಹೋಯಿತು. ಮಾವ ಕಲಿಸಿದ ಲೆಕ್ಕದಲ್ಲಿ ಆಗ ಅವನಿಗೆ ಹತ್ತು. ಹತ್ತು ವರ್ಷದ ಹುಡುಗ ಕಾಲೇಜು ಬಿಡುವುದಿಲ್ಲ, ಅಡತಿ ನಡೆಸುವುದಿಲ್ಲ. ಲೆಕ್ಕ ಕೂಡಬೇಕಾದರೆ ಅಪ್ಪನ ಸಾವನ್ನು ಏಳು ವರ್ಷ ಈಚೆಗೆ ತಳ್ಳಬೇಕು. ಫಕ್ರುಸಾಬನ ಅಂಗಡಿಯನ್ನು ತಳ್ಳಬೇಕು. ತಂಗಿಯರ ಮದುವೆ ತಳ್ಳಬೇಕು. ಇವಳ ಮುಂದೆ ಬಾಯಿ ಬಿಟ್ಟಾಗಲೆಲ್ಲ ಒಂದೊಂದು ನೆನಪನ್ನೂ ಎತ್ತಿ ಬೇರೆ ಜಾಗಕ್ಕೆ ಇಡಬೇಕು, ಬದುಕಿರುವ ತನಕ. ಫಕ್ರುಸಾಬನ ಅಂಗಡಿಯನ್ನಾದರೂ ತಳ್ಳಬಹುದಿತ್ತು. ಅಪ್ಪನನ್ನು ತಳ್ಳುವುದು ಅವನಿಂದ ಆಗಲಿಲ್ಲ.

"ಹದಿನೇಳು" ಅಂದ. "ಅವರು ಹೋಗಿ ಇಪ್ಪತ್ಮೂರು ವರ್ಷ ಆತ್ರಿ. ನನಗ ಈಗ ನಲವತ್ತು."

ಟಿವಿಯಲ್ಲಿ ಮೋಟಾರು ಗೋಡೆಗೆ ಮುಖ ಕೊಟ್ಟು ಗುರುಗುಡುತ್ತಲೇ ಇತ್ತು.

"ನಿಮ್ಮ ಮಾಮಾರು ಮೂವತ್ಮೂರು ಅಂದ್ರು."

"ಹೌದ್ರಿ."

"ನೀವೂ ಅಂದ್ರಿ. ಹೆಸರ ಕೇಳಿದ್ರ ಅದನ್ನ ಅಂದ್ರಿ."

"ಹೌದ್ರಿ."

"ಎಷ್ಟ ಮಂದಿ ಬಂದ್ರು ಇಲ್ಲೆ, ಗೊತ್ತೇನ್ರಿ? ಒಬ್ಬ ಕುಡಿಯಂಗಿಲ್ಲ ಅಂದ. ಒಬ್ಬ ಸರಕಾರಿ ನೌಕರಿ ಅಂದ. ನಿಮ್ಮ ವಯಸ್ಸಿಗೆ ನನಗೇನೂ ಆಗಬೇಕಾಗಿದ್ದಿಲ್ಲ. ಆದ್ರ ನೀವೂ ಹಂಗ ಬಂದ್ರೆಲ್ಲಾ, ಅದಕ್ಕ ಹೊಟ್ಟಿ ಉರೀತದ." ಅವಳ ಕಣ್ಣು ಕೆಂಪಾಗಿದ್ದವು. ಎದ್ದು ನಿಂತಳು. "ನನ್ನ ಮುಂದ ಹೇಳಿದ್ರ ಆಗಲಿಲ್ಲ. ನಮ್ಮಪ್ಪನ ಮುಂದ ಹೇಳ್ರಿ. ನೀವ ಹೇಳ್ರಿ, ಮಾಮಾರ ಕಡೆಯಿಂದ ಹೇಳಸಬ್ಯಾಡ್ರಿ." ಹೋಗುತ್ತ ಬಾಗಿಲಲ್ಲಿ ನಿಂತು ಹೇಳಿದಳು: "ಕಿವಿ ಹಿಂದ ಬಣ್ಣ ಇಳದೈತಿ. ಒರಸ್ಕೊಳ್ರಿ."

ಸಂಗನಬಸವ ಒರೆಸಿಕೊಳ್ಳಲಿಲ್ಲ. ಬೆಳಗಿನಿಂದ ತಡೆದಿದ್ದನ್ನೆಲ್ಲ ಸೇರಿಸಿ ಗಸಗಸ ತುರಿಸಿಕೊಂಡ. ಬೆರಳು ಕರಿಯಾದವು. ಎದ್ದು ಪಡಸಾಲೆಗೆ ಹೋದ.

ಅಲ್ಲಿ ದ್ಯಾಮಪ್ಪ ಲಗ್ನದ ತಿಂಗಳ ಮಾತು ತೆಗೆದಿದ್ದ. ಸಂಗನಬಸವ ಕೂಡಲಿಲ್ಲ. ನಿಂತುಕೊಂಡೇ, "ಗುರುಪಾದಪ್ಪನವರ, ನನಗ ಮೂವತ್ಮೂರಲ್ಲ, ನಲವತ್ತು. ಸುಳ್ಳ ಹೇಳಿದ್ವಿ. ತಪ್ಪಾತು" ಅಂದ.

ದ್ಯಾಮಪ್ಪನ ಕೈಯೊಳಗಿನ ಅಡಕೆ ಬಾಯಿಗೆ ಹೋಗುವ ದಾರಿಯಲ್ಲೇ ನಿಂತಿತು. "ಏ ಅಳಿಯಾ, ಏನ ಮಾತಾಡ್ತೀಯೋ! ಬಿಸಲಿಗೆ ತಲಿ..."

"ತಲಿ ಸರಿ ಐತಿ ಮಾಮಾ."

ಕಿಟಕಿಯಾಚೆ ಗುಡ್ಡದ ಮೇಲೆ ಗಾಳಿಯಂತ್ರ ತಿರುಗುತ್ತಿತ್ತು, ಗುರುಪಾದಪ್ಪ ಅದನ್ನು ನೋಡಿದರು. ಆಮೇಲೆ ದ್ಯಾಮಪ್ಪನ ಕಡೆ ತಿರುಗಿದರು.

"ಬಾಯಾಗ ಹೊಸಾ ಕಡ್ಲಿ, ನಡಕ ಹಳೇ ಕಡ್ಲಿ. ನಾನೂ ಕಾಳಿನ ವ್ಯಾಪಾರದಾಗ ಕೂದಲಾ ಬೆಳ್ಳಗ ಮಾಡ್ಕೊಂಡಾಂವ ಅದೀನ್ರಿ. ಮಾರ್ಕೆಟ್ಟಿನ್ಯಾಗ ಹಿಂಗ ಮಾಡಿದ್ರ ಆ ಅಂಗಡಿ ಕಟ್ಟಿ ನಾ ಮತ್ತ ಹತ್ತಂಗಿಲ್ಲ."

ದ್ಯಾಮಪ್ಪ ತಲೆ ತಗ್ಗಿಸಿದ. ಗೌರವ್ವ ಸೆರಗು ಸರಿಮಾಡಿಕೊಂಡಳು.

"ನೀವು ಅನ್ನೂದು ಖರೇ ಐತ್ರಿ ಅಣ್ಣಾರ. ನಾ ತಾಯಿ, ನನಗೂ ಗೊತ್ತಿತ್ತು, ನಾನೂ ಸುಮ್ಮನಿದ್ದೆ. ಆದ್ರ ಒಂದ ನೋಡ್ರಿ. ನೀವು ಕೊಳವಿ ಚುಚ್ಚಿ ತಗದಿದ್ದಲ್ಲ. ಚೀಲಾ ತಾನ ಬಾಯಿ ಬಿಟ್ಟೈತಿ."

ಗುರುಪಾದಪ್ಪ ಎದ್ದು ನಿಂತು, "ಆತ್ರಿ. ಹೇಳಿ ಕಳಸ್ತೀವಿ" ಅಂದರು.

ಹೇಳಿ ಕಳಸ್ತೀವಿ ಎಂದರೆ ಏನೆಂದು ಆ ಮೂವರಿಗೂ ಚೆನ್ನಾಗಿ ಗೊತ್ತಿತ್ತು. ಗೌರವ್ವ ಚೀಲದಲ್ಲಿ ಉಡಿ ತುಂಬಲೆಂದು ತಂದಿದ್ದ ತೆಂಗಿನಕಾಯಿ, ಕುಪ್ಪಸದ ಖಣ, ಅಕ್ಕಿ ಹಾಗೇ ಇದ್ದವು. ಚೀಲದ ಬಾಯಿ ಬಿಗಿದು ಕಟ್ಟಿ ಎದ್ದಳು.

ಅಂಗಳಕ್ಕೆ ಬಂದು ಗಾಡಿಯಲ್ಲಿ ಕೂತರು. ದ್ಯಾಮಪ್ಪ ಕೀಲಿ ಹಾಕಿ ತಿರುವಿದ. ಸಂಗನಬಸವ ಮನೆಯ ಕಡೆ ನೋಡಬಾರದೆಂದು ಮುಂದಿನ ಗಾಜನ್ನೇ ನೋಡುತ್ತಿದ್ದ. ತೊಡೆಯ ಮೇಲೆ ಹೆಬ್ಬೆರಳು ಮತ್ತೆ ಸುರು ಮಾಡಿತ್ತು. ಆಗ ಗಾಜಿನ ಮೇಲೆ ಯಾರೋ ಬಡಿದರು.

ಶಾಂಭವಿ ನಿಂತಿದ್ದಳು, ಕೈಯಲ್ಲಿ ಹಳೆಯ ಟವೆಲ್ಲಿನ ಗಂಟು. ಅಟ್ಟದ ಧೂಳು ಅವಳ ಜಡೆಗೆ ಹತ್ತಿತ್ತು. ಹಿಂದೆ ಬಾಗಿಲಲ್ಲಿ ಗುರುಪಾದಪ್ಪ, ಕಳಕೇಶ.

"ಫಕ್ರುಸಾಬರು ಇನ್ನೂ ಅದಾರೇನ್ರಿ?"

"ಅದಾರ್ರಿ" ಅಂದ ಸಂಗನಬಸವ ಗಾಜು ಇಳಿಸಿ. "ಈಗ ಮಿಕ್ಸರ್, ಫ್ಯಾನ್ ರಿಪೇರಿ ಮಾಡ್ತಾರ."

"ಹಂಗಾರ ಇದನ್ನ ತೋರಸ್ರಿ." ಗಂಟನ್ನು ಕಿಟಕಿಯೊಳಗಿಂದ ಅವನ ತೊಡೆಯ ಮೇಲೆ ಇಟ್ಟಳು. ಒಳಗೆ ಹಳದಿಯಾಗಿದ್ದ ಗೇಮ್ ಪೆಟ್ಟಿಗೆ, ಸುತ್ತಿದ ವೈರು, ಎರಡು ರಿಮೋಟು, ಒಂದು ಕ್ಯಾಸೆಟ್. "ಎಷ್ಟ ಊದಿದ್ರೂ ಚಾಲೂ ಆಗವಲ್ದು. ರಿಪೇರಿ ಆದ ಮ್ಯಾಲ ತಂದು ಕೊಡ್ರಿ. ನೀವ ತರ್ರಿ. ಯಾರ ಕೈಯಾಗೂ ಕಳಸಬ್ಯಾಡ್ರಿ."

"ರಿಪೇರಿ ಆಗದಿದ್ರ?" ಅಂದ ದ್ಯಾಮಪ್ಪ, ತಡೆಯಲಾರದೆ.

"ಆಗದಿದ್ರ ಆಗಲಿಲ್ಲ ಅಂತ ಖರೇ ಹೇಳಾಕ ಬರ್ರಿ ಅಂತ ಹೇಳ್ರಿ ನಿಮ್ಮ ಅಳಿಯಗ" ಅಂದಳು. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ, ದನಿಯಲ್ಲಿ ಗೊತ್ತಾಗುತ್ತಿತ್ತು.

ಸಂಗನಬಸವ ಅವಳ ಹೆಗಲ ಮೇಲಿಂದ ಗುರುಪಾದಪ್ಪನ ಕಡೆ ನೋಡಿದ. ಬೇಡ ಅನ್ನಬಹುದಿತ್ತು ಅವರು, ಮಗಳನ್ನು ಒಳಗೆ ಕರೆಯಬಹುದಿತ್ತು. ಕರೆಯಲಿಲ್ಲ. ಟವೆಲ್ಲಿನ ಗಂಟನ್ನೊಮ್ಮೆ, ಮಗಳನ್ನೊಮ್ಮೆ ನೋಡಿ, ಚಪ್ಪಲಿ ಬಿಟ್ಟು ಒಳಗೆ ಹೋದರು. ಕಳಕೇಶ ಅಲ್ಲಿಂದಲೇ ಕೂಗಿದ: "ಮಾಮಾರ, ಸಿಡಿಗೆ ಮಾತ್ರ ಊದಬ್ಯಾಡ್ರಿ ಇನ್ನ!"

ಇಷ್ಟು ಹೊತ್ತು ಅಣ್ಣಾರ ಅನ್ನುತ್ತಿದ್ದ ಹುಡುಗ ಅಕ್ಕನ ಗಂಡನನ್ನು ಕರೆಯುವಂತೆ ಮಾಮಾರ ಅಂದದ್ದನ್ನು ಹಿಂದಿನ ಸೀಟಿನಲ್ಲಿದ್ದ ಗೌರವ್ವ ಕೇಳಿಸಿಕೊಂಡಳು. ಬಿಗಿದು ಕಟ್ಟಿದ್ದ ಚೀಲದ ಬಾಯಿಯನ್ನು ಮೆಲ್ಲಗೆ ಸಡಿಲ ಮಾಡಿ, ಕಾಯಿ ಒಡೆದಿಲ್ಲವಲ್ಲ ಎಂದು ಮುಟ್ಟಿ ನೋಡಿದಳು.

ಊರು ದಾಟಿ ಇಳಿಜಾರಿಗೆ ಬಂದಾಗ ಸಂಗನಬಸವ, "ಮಾಮಾ, ಗಾಡಿ ನಿಂದರಸು" ಅಂದ.

"ಯಾಕ, ಹೊಟ್ಟಿ ಗಿಟ್ಟಿ...?"

"ನಾ ಹೊಡೀತೀನಿ. ನೀ ಹಿಂದ ಕೂಡು."

"ಅಂಗಿ ಮುದ್ದಿ ಆಕ್ಕತಿ."

"ಆಗವಲ್ದ್ಯಾಕ."

ದ್ಯಾಮಪ್ಪ ಗೊಣಗುತ್ತ ಇಳಿದು ಹಿಂದೆ ಹೋಗಿ ತಂಗಿಯ ಪಕ್ಕ ಕೂತ. ಸಂಗನಬಸವ ಗಂಟನ್ನು ಪಕ್ಕದ ಸೀಟಿಗೆ ಇಟ್ಟು, ಬೀಳದಂತೆ ಅದಕ್ಕೂ ಪಟ್ಟಿ ಬಿಗಿದ. ಗಾಡಿ ಬಿಡುವ ಮೊದಲು ಫಕ್ರುಸಾಬನಿಗೆ ಫೋನು ಹಚ್ಚಿದ. ಆ ಕಡೆಯಿಂದ ಮುದುಕನ ದನಿ ಬಂತು: "ಕೌನ್? ಸಂಗಣ್ಣ? ಏನಪಾ, ಮಿಕ್ಸರ್ ಸುಟ್ಟಿತೇನು?"

"ಮಿಕ್ಸರ್ ಅಲ್ಲ ಚಾಚಾ. ಅಂಗಡಿ ಎಷ್ಟೊತ್ತಿಗೆ ಮುಚ್ಚತೀರಿ?"

"ಸಂಜಿ ನಮಾಜಿಗೆ. ಯಾಕ?"

"ನಾ ಬರೂತನಾ ಮುಚ್ಚಬ್ಯಾಡ್ರಿ. ನನ್ನ ಪಾಳಿ ಐತಿ."

ಗಾಡಿ ಅಬ್ಬಿಗೇರಿ ಕಡೆ ಜೋರಾಗಿ ಓಡತೊಡಗಿತು. ತಿರುವು ಬಂದಾಗ ಸಂಗನಬಸವನ ಇಡೀ ಮೈ ತಿರುವಿನ ಕಡೆಗೇ ವಾಲುತ್ತಿತ್ತು. ಹಿಂದಿನಿಂದ ದ್ಯಾಮಪ್ಪ ಸೀಟು ಗಟ್ಟಿಯಾಗಿ ಹಿಡಿದುಕೊಂಡು ಕೇಳಿದ:

"ಅಳಿಯಾ, ಇಷ್ಟ ಸಲ ಬಾಯಿಪಾಠ ಮಾಡಿಸಿ ನನ್ನ ತಲಿನ ಕೆಟ್ಟೈತಿ. ನೀ ಖರೇನ ಹುಟ್ಟಿದ್ದು ಯಾವ ಇಸ್ವಿ?"

"ಎಂಬತ್ತೈದು" ಅಂದ ಸಂಗನಬಸವ. ಈ ಸಲ ಅದು ಜ್ವರ ಬಂದವನು ಹೇಳಿದಂತೆ ಇರಲಿಲ್ಲ.